ಕೌದಿಯ ಕೋಣೆಯಲ್ಲಿ ಗಾನಮುದ್ರಣ

ಮೃಗಶಿರೆಯ ಮಳೆ ಹಿಡಿದ ಮೇಲೆ ಖಾನಾಪುರದ ಹೆಂಚಿನ ಮನೆಯಲ್ಲಿ ಗಾನಮುದ್ರಣದ ಮಾತೆತ್ತುವುದೇ ವ್ಯರ್ಥ. ಹೆಂಚಿನ ಮೇಲೆ ಸುರಿಯುವ ಧಾರೆಗೆ ಎಂತಹ ಗಾಯಕನ ಷಡ್ಜವೂ ಶರಣಾಗಬೇಕು. ಇತ್ತ ಬೆಳಗಾವಿಯ ಶಹಾಪುರ, ವಡಗಾವಿಗಳ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸಪ್ಪಳ. ಆದರೂ ಮಗಳು ಸಂಗೀತ ಕಲಿಯುತ್ತಿರುವ, ಅಜ್ಜಿಗೆ ಬೀಸುವ ಪದಗಳು ಕಂಠಸ್ಥವಾಗಿರುವ ಮನೆಯಲ್ಲಿ, ಆ ದನಿಗಳನ್ನು ಹಿಡಿದಿಡಬೇಕೆಂಬ ಆಸೆ ಹುಟ್ಟುವುದು ಸಹಜ. ಆಸೆ ಹುಟ್ಟಿದೊಡನೆ ಯಜಮಾನರು ಯಂತ್ರಗಳ ಬೆಲೆ ವಿಚಾರಿಸಲು ಪೇಟೆಗೆ ಹೊರಡುತ್ತಾರೆ. ಮೊದಲ ತಪ್ಪು ಅಲ್ಲಿಯೇ ಆಗುವುದು. ಹಣ ಯಂತ್ರದ ಕಡೆಗೆ ಹರಿಯುವ ಮುನ್ನ ಲಕ್ಷ್ಯವು ಕೋಣೆಯ ಕಡೆಗೆ ಹರಿಯಬೇಕು.

ಭಾರತದ ನೆಲದಲ್ಲಿ ಗ್ರಾಮೊಫೋನ್ ಕಂಪನಿಯ ಮೊದಲ ಗಾನಮುದ್ರಣ ನಡೆದುದು 1902ರಲ್ಲಿ. ಅದಕ್ಕೆಂದು ಯಾವ ಭವನವನ್ನೂ ಕಟ್ಟಿಸಿರಲಿಲ್ಲ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಯ ಹೋಟೆಲೊಂದರ ಕೋಣೆಗಳಲ್ಲಿಯೇ ತನ್ನ ತುತ್ತೂರಿಯಂತಹ ಯಂತ್ರವನ್ನು ಹೂಡಿ ಗೌಹರ್ ಜಾನ್ ಅವರ ಕಂಠವನ್ನು ಸೆರೆಹಿಡಿದನು. ಮನೆಯ ಕೋಣೆಯೆಂದು ನಾಚಬೇಕಾದ ಕಾರಣವಿಲ್ಲ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕು. ‘ಟಣ್’ ಎಂದು ಹಿಂದಿರುಗಿದರೆ ಆ ಬರಿಗೋಡೆಗಳು ಹಾಡನ್ನೂ ಹಾಗೆಯೇ ಕದಡುತ್ತವೆ. ಮದ್ದು ಮನೆಯಲ್ಲಿಯೇ ಉಂಟು. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯನ್ನು ಗೋಡೆಗೆ ಅಂಟಿಸದೆ, ನಾಲ್ಕು ಬೆರಳು ಅಂತರ ಬಿಟ್ಟು, ಹಾಡುವವರ ಬೆನ್ನ ಹಿಂದೆಯೂ ಪಕ್ಕಗಳಲ್ಲಿಯೂ ಹಗ್ಗಕ್ಕೆ ತೂಗಿಬಿಡಬೇಕು. ನೆಲಕ್ಕೆ ಜಮಖಾನೆ. ಕೌದಿ ಕುಡಿಯುವುದು ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ಮಾತ್ರ. ತಬಲೆಯ ಎಡದ ಗುಂಯ್‌ಗುಟ್ಟುವಿಕೆ ಮೂಲೆಗಳಲ್ಲಿ ಸೇರಿಕೊಳ್ಳುತ್ತದೆಯಾದ್ದರಿಂದ, ಹತ್ತಿಯ ಗಾದಿಗಳನ್ನು ಸುರುಳಿ ಸುತ್ತಿ ಅಲ್ಲಿ ನಿಲ್ಲಿಸುವುದು ಲೇಸು. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸುವ ಹುಚ್ಚೊಂದುಂಟು; ಅದರಿಂದ ಗೋಡೆ ಕೆಡುವುದೇ ಹೊರತು ಗಾಯನ ಸುಧಾರಿಸದು.

ಹೊರಗಿನ ಸಪ್ಪಳವನ್ನು ತಡೆಯುವ ಶಕ್ತಿ ಕೌದಿಗೂ ಇಲ್ಲ, ಗಾದಿಗೂ ಇಲ್ಲ. ಅದಕ್ಕೆ ಬೇಕಾದುದು ದಪ್ಪ ಗೋಡೆ, ಇಲ್ಲವೇ ಒಳ್ಳೆಯ ವೇಳೆ. ಮನೆಯ ನಡುಕೋಣೆ, ಮಗ್ಗಗಳು ನಿಂತ ಹೊತ್ತು, ಖಾನಾಪುರದಲ್ಲಾದರೆ ದೀಪಾವಳಿಯಿಂದ ಯುಗಾದಿಯವರೆಗಿನ ಶುಭ್ರ ದಿನಗಳು: ಇವು ಕಾಸು ಕೇಳದ ಉಪಕರಣಗಳು. ಫ್ಯಾನು ನಿಲ್ಲಲಿ, ಗಡಿಯಾರ ಪಕ್ಕದ ಕೋಣೆಗೆ ಹೋಗಲಿ.

ಇನ್ನು ಯಂತ್ರಗಳು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಕಿವಿ ಮುಚ್ಚುವ ಹೆಡ್‌ಫೋನು, ಇಷ್ಟನ್ನು 20,000 ರೂಪಾಯಿಯೊಳಗೆ ಹೊಂದಿಸಿಕೊಳ್ಳಬಹುದು. ‘ಆಡಾಸಿಟಿ’ ಎಂಬ ತಂತ್ರಾಂಶಕ್ಕೆ ಬೆಲೆಯೇ ಇಲ್ಲ. ಕಂಡೆನ್ಸರ್ ಮೈಕು ಸೂಕ್ಷ್ಮವಾದುದು; ಸ್ಟುಡಿಯೊಗಳಲ್ಲಿ ಅದಕ್ಕೆ ಮರ್ಯಾದೆ ಹೆಚ್ಚು. ಆದರೆ ಆ ಸೂಕ್ಷ್ಮತೆಗೆ ಅಡಿಗೆಮನೆಯ ಒಗ್ಗರಣೆಯೂ ಕೇಳಿಸುತ್ತದೆ, ಅದಕ್ಕೆ 48 ವೋಲ್ಟ್ ವಿದ್ಯುತ್ತು ಬೇಕು, ಮಳೆಗಾಲದ ತೇವವಂತೂ ಅದಕ್ಕೆ ಆಗಿಬರದು. ಸದ್ದಿನ ಓಣಿಯ ಮನೆಗೆ ಡೈನಮಿಕ್ ಮೈಕೇ ಯೋಗ್ಯ. ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇಟ್ಟರೆ ‘ಪ’ಕಾರ, ‘ಬ’ಕಾರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಮಟ್ಟವನ್ನು ತೋರಿಸುವ ಸೂಚಿ ಏರಿದ ಸ್ವರದಲ್ಲಿಯೂ ಸೊನ್ನೆಗೆ 12 ಡೆಸಿಬೆಲ್ ಕೆಳಗೇ ಇರಲಿ. ಒಮ್ಮೆ ಒಡೆದ ಧ್ವನಿಯನ್ನು ಸರಿಪಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಒಂದೇ ಮೈಕಿದ್ದರೆ ಹಿಂದಿನವರು ತುತ್ತೂರಿಯ ಮುಂದೆ ಕೂಡುತ್ತಿದ್ದಂತೆ ಗಾಯಕಿ ಹತ್ತಿರ, ಹಾರ್ಮೋನಿಯಂ ಆಚೆ, ತಬಲೆ ಅದರಾಚೆ.

ಮಗಳ ಖಯಾಲಿಗೆ ಇಷ್ಟು ಸಾಕು. ಅಜ್ಜಿಯ ವಿಷಯ ಬೇರೆ. ಬೀಸುವ ಕಲ್ಲಿನ ಮುಂದೆ ಕೂಡದೆ ಪದವೇ ನೆನಪಾಗದ ಅಜ್ಜಿಯರುಂಟು. ಮೈಕಿನ ಮುಂದೆ ಕುರ್ಚಿ ಹಾಕಿ ಕೂಡಿಸಿದರೆ ಅವರು ಎರಡು ನುಡಿ ಹೇಳಿ, “ಮುಂದ ಮರತೇ ಹೋತವ್ವಾ” ಎಂದು ಎದ್ದುಬಿಡುತ್ತಾರೆ. ಆಗ ಕಲ್ಲನ್ನೇ ಕೋಣೆಗೆ ತರಬೇಕು, ಹಿಡಿ ಜೋಳ ಹಾಕಬೇಕು, ಮೈಕನ್ನು ಎರಡು ಮೊಳ ಹಿಂದೆ ಸರಿಸಬೇಕು. ಕಲ್ಲಿನ ಗರಗರ ಆ ಹಾಡಿನ ಶ್ರುತಿಯೂ ಹೌದು, ತಾಳವೂ ಹೌದು. ಅದನ್ನು ಗದ್ದಲವೆಂದು ತೆಗೆದುಹಾಕುವ ಜಾಣತನ ಬೇಡ. ಕೋಣೆ ಪೂರ್ಣವಾಗಲೆಂದು, ಬರುವ ವರ್ಷ ಉತ್ತಮ ಮೈಕು ಬರಲೆಂದು ಅಜ್ಜಿಯ ಸರದಿಯನ್ನು ಮುಂದೂಡುವುದಂತೂ ಸಲ್ಲದು. ಇಂದು ಕೈಯಲ್ಲಿರುವ ಮೊಬೈಲಾದರೂ ಸರಿಯೆ.

ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿಯೇ ತಟ್ಟೆಗಳಿಗಾಗಿ ಹಾಡಿದ್ದರು. ಮುಂದೆ ಕ್ಷಯರೋಗ ಅವರ ಶ್ವಾಸಕೋಶವನ್ನು ಹೊಕ್ಕಿತು. ವರ್ಷಗಟ್ಟಲೆ ಮೌನದ ಬಳಿಕ ಮರಳಿ ಬಂದ ಗಾಯನದ ರೀತಿಯೇ ಬೇರೆಯಾಯಿತು. ಆ ಬಾಲಕಂಠವನ್ನು ಇಂದಿಗೂ ಕೇಳಬಹುದಾದರೆ ಅದು ಬದಿಗೆ ಮೂರು ನಿಮಿಷ ಹಿಡಿಯುತ್ತಿದ್ದ ಆ ಅರಗಿನ ತಟ್ಟೆಗಳಿಂದ.

ಮುದ್ರಿಸಿದುದನ್ನು ಕುಗ್ಗಿಸದ ‘ವೇವ್’ ರೂಪದಲ್ಲಿಟ್ಟು, ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೂರಿನ ಬಂಧುಗಳಲ್ಲಿ ಇಡಬೇಕು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ದೂರದ ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆಗೆ ಚೀಟಿ ಅಂಟಿಸುವವರಿಗೆ ಗುರುತು ಸಿಗಲೆಂದು. ಅಜ್ಜಿಯೂ ಪದ ಮುಗಿಸಿದ ಮೇಲೆ ತಮ್ಮ ಹೆಸರು, ತವರೂರು, ಆ ಪದವನ್ನು ಯಾರಿಂದ ಕಲಿತರೆಂಬುದನ್ನು ಹೇಳಲಿ. ದಿನಾಂಕವನ್ನು ಮೊಮ್ಮಗಳು ಹೇಳಬಹುದು.