ಕಪ್ ಕೊಡಲಿಲ್ಲ ಅನ್ನೋದಷ್ಟೇ ಅಲ್ಲ, ಗೆದ್ದದ್ದು ಹೇಗೆ ಅನ್ನೋದನ್ನೂ ಹೇಳಿ



ವೆಂಡೆಲ್ ಸ್ಕಾಟ್ ಅವರ ಕತೆ ನಮ್ಮ ನಡುವೆ ಬಂದಾಗಲೆಲ್ಲ ಒಂದೇ ಥರ ಬರುತ್ತೆ. 1963ರ ಡಿಸೆಂಬರ್ 1. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. ನಾಸ್ಕಾರ್‌ನ ದೊಡ್ಡ ರೇಸ್. ಕಪ್ಪು ಚಾಲಕ ಸ್ಕಾಟ್ ಎರಡು ಸುತ್ತು ಮುಂದಿದ್ದರು. ಆದ್ರೆ ಗೆದ್ದವರು ಅಂತ ಘೋಷಿಸಿದ್ದು ಬಿಳಿಯ ಚಾಲಕ ಬಕ್ ಬೇಕರ್ ಹೆಸರನ್ನು. ಜನ ಎಲ್ಲ ಮನೆಗೆ ಹೋದ ಮೇಲೆ ಲೆಕ್ಕದಲ್ಲಿ ತಪ್ಪಾಗಿತ್ತು ಅಂದರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ನಾಸ್ಕಾರ್ ಅವರ ಕುಟುಂಬಕ್ಕೆ ಆ ಕಪ್ ಕೊಟ್ಟಿದ್ದು 2021ರಲ್ಲಿ.

ಈ ಅನ್ಯಾಯ ಹೇಳಲೇಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದ್ರೆ ನಾವೂ ಅವರಿಂದ ಒಂದನ್ನು ಕಿತ್ಕೊಂಡ ಹಾಗೆ. ಯಾವುದನ್ನು? ಅವರ ವಿದ್ಯೆಯನ್ನು.

ಸ್ಕಾಟ್ ಬರೀ ಚಾಲಕ ಅಲ್ಲ, ಮೆಕ್ಯಾನಿಕ್. ದೊಡ್ಡ ಕಂಪನಿಯ ದುಡ್ಡಿಲ್ಲ. ಹಳೇ ಕಾರು, ಹಳೇ ಬಿಡಿಭಾಗ, ಜೊತೆಗೆ ಮಕ್ಕಳು. ತಮ್ಮ ಕಾರನ್ನು ತಾವೇ ಮಣ್ಣಿಗೆ ಸಿದ್ಧ ಮಾಡ್ತಿದ್ರು. ಅದು ಏನು ಕೆಲಸ ಅಂತ ಸ್ವಲ್ಪ ನೋಡಿ.

ಡಾಂಬರು ರಸ್ತೆಯಲ್ಲಿ ಕಾರು ಎಡಕ್ಕೆ ತಿರುಗುವಾಗ ಎಡಚಕ್ರ ಸಣ್ಣ ವೃತ್ತದಲ್ಲಿ ಹೋಗುತ್ತೆ, ಬಲಚಕ್ರ ದೊಡ್ಡ ವೃತ್ತದಲ್ಲಿ. ಅದಕ್ಕೇ ಒಳಗಿನ ಚಕ್ರ ಸ್ವಲ್ಪ ಹೆಚ್ಚು ತಿರುಗುವ ಹಾಗೆ ಸ್ಟೇರಿಂಗ್ ಮಾಡಿರ್ತಾರೆ. ಇದಕ್ಕೆ ಆಕರ್‌ಮನ್ ಅಂತ ಹೆಸರು. ಮಣ್ಣಿನಲ್ಲಿ ಈ ಪಾಠ ತಲೆಕೆಳಗು. ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತೆ. ಕಾರು ಎಡಕ್ಕೆ ತಿರುಗ್ತಿದ್ರೂ ಚಾಲಕ ಸ್ಟೇರಿಂಗನ್ನು ಬಲಕ್ಕೆ ಹಿಡಿದಿರ್ತಾನೆ. ಆಗ ಹೆಚ್ಚು ತಿರುಗೋದು ಬಲಚಕ್ರ. ಭಾರ ಬಿದ್ದಿರೋದೂ ಅದರ ಮೇಲೇ. ಎರಡು ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ. ಅದಕ್ಕೇ ಮಣ್ಣಿನ ಕಾರು ಕಟ್ಟೋರು ಸ್ಟೇರಿಂಗ್ ಆರ್ಮ್ ಬದಲಿಸಿ ಈ ವ್ಯತ್ಯಾಸವನ್ನು ಕಡಿಮೆ ಮಾಡ್ತಾರೆ.

ಇನ್ನೊಂದು ಕಾಟ ಇದೆ. ಗುಂಡಿಯಲ್ಲಿ ಚಕ್ರ ಮೇಲೆ ಕೆಳಗೆ ಆಡುವಾಗ ಟೈ ರಾಡ್ ಒಂದು ಕಮಾನಿನಲ್ಲಿ, ಕಂಟ್ರೋಲ್ ಆರ್ಮ್ ಇನ್ನೊಂದು ಕಮಾನಿನಲ್ಲಿ ಚಲಿಸುತ್ತೆ. ಎರಡೂ ಹೊಂದದಿದ್ರೆ, ಸ್ಟೇರಿಂಗ್ ಮುಟ್ಟದಿದ್ರೂ ಚಕ್ರ ತಾನೇ ತಿರುಗುತ್ತೆ. ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಇಂಚಿಂಚಾಗಿ ಎತ್ತಿ ಇಳಿಸಿ ಅಳೆದು, ಟೈ ರಾಡ್ ತುದಿಗೆ ವಾಷರ್ ಕೊಟ್ಟು ಸರಿ ಮಾಡಬೇಕು. ಎಡಚಕ್ರಕ್ಕೆ ಒಂದು ಕೋನ, ಬಲಚಕ್ರಕ್ಕೆ ಬೇರೆ ಕೋನ. ಇದು ರೇಖಾಗಣಿತ ಅಲ್ಲದೆ ಮತ್ತೇನು?

ಆ ಆಕರ್‌ಮನ್ ಹೆಸರಿನ ಕತೆಯನ್ನೂ ಕೇಳಿ. ಅದನ್ನು ಕುದುರೆ ಗಾಡಿಗೆ ರೂಪಿಸಿದವನು ಮ್ಯೂನಿಕ್‌ನ ಗಾಡಿ ಕಟ್ಟುವ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಅವನ ಏಜೆಂಟ್ ರುಡಾಲ್ಫ್ ಆಕರ್‌ಮನ್, ಪುಸ್ತಕದ ಪ್ರಕಾಶಕ. ಗಾಡಿ ಕಟ್ಟಿದವನ ಹೆಸರು ಹೋಯ್ತು, ಕಾಗದ ಹಿಡಿದವನ ಹೆಸರು ಉಳೀತು.

ಇದು ನಮಗೆ ಹೊಸದಲ್ಲ. ಕೈಯಲ್ಲಿ ಕೆಲಸ ಮಾಡೋನಿಗೆ ತಲೆ ಇಲ್ಲ ಅನ್ನೋ ಸುಳ್ಳಿನ ಮೇಲೇ ಜಾತಿ ನಿಂತಿರೋದು. ಚರ್ಮ ಹದ ಮಾಡೋದು ರಸಾಯನಶಾಸ್ತ್ರ ಅಂತ ಯಾರೂ ಕರೀಲಿಲ್ಲ, ಅದನ್ನು 'ಕಸುಬು' ಅಂದರು. ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿ ಅಲೈನ್‌ಮೆಂಟ್ ಸರಿ ಮಾಡೋ ಹುಡುಗನಿಗೆ ಇವತ್ತಿಗೂ 'ಲೇ ಹುಡ್ಗಾ' ಅಂತಲೇ ಕರೆ. ಅವನ ಕೆಲಸದ ಮೇಲೆ ಸಹಿ ಹಾಕೋನು 'ಸರ್'.

ನೋವಿನ ಕತೆ ಹೇಳಿದ್ರೆ ಜನ ಅಯ್ಯೋ ಅಂತಾರೆ, ಮುಂದೆ ಹೋಗ್ತಾರೆ. ಅಯ್ಯೋ ಅನ್ನೋಕೆ ಯಾರೂ ತಮ್ಮ ಜಾಗ ಬಿಟ್ಟುಕೊಡಬೇಕಾಗಿಲ್ಲ. ಇವನಿಗೆ ನನಗಿಂತ ಚೆನ್ನಾಗಿ ಗೊತ್ತು ಅಂತ ಒಪ್ಪಿಕೊಳ್ಳೋದಕ್ಕೆ ಬಿಟ್ಟುಕೊಡಬೇಕಾಗುತ್ತೆ. ಕಷ್ಟ ಇರೋದು ಅಲ್ಲೇ.

ಹಾಗಾಗಿ ಮುಂದಿನ ಸಲ ಸ್ಕಾಟ್ ಫೋಟೊ ಹಾಕುವಾಗ ಒಂದು ಸಾಲು ಸೇರಿಸಿ: ತಾನೇ ಸಿದ್ಧಪಡಿಸಿದ ಕಾರಿನಲ್ಲಿ ಗೆದ್ದವರು ಇವರು. ಹಾಗೇ ನಿಮ್ಮೂರಿನ ಒಬ್ಬ ಮೆಕ್ಯಾನಿಕ್, ಒಬ್ಬ ಚಮ್ಮಾರ, ಒಬ್ಬ ವೆಲ್ಡರ್ ಹತ್ರ ಹೋಗಿ ಅವರ ಕೆಲಸ ಹೇಗೆ ಅಂತ ಕೇಳಿ, ಅವರ ಹೆಸರು ಸಮೇತ ಬರೀರಿ. ಅವರ ಕಷ್ಟ ಆಮೇಲೆ ಕೇಳೋಣ. ಮೊದಲು ಅವರಿಗೆ ಏನು ಗೊತ್ತು ಅಂತ ಕೇಳಿ.

ಜೈ ಭೀಮ್.