ಹಿಡಿ ಹೋದರೆ ಕಿಟಕಿಯನ್ನೇ ಕೀಳಬೇಕೆ?

ಕೆ.ಆರ್. ಪುರಂ ಆಚೆಗಿನ ನಮ್ಮ ಹಳ್ಳಿಗಳಲ್ಲಿ ಹೊಸ ಚಾಳಿಯೊಂದು ಬಂದಿದೆ. ಹಿಡಿ ಮುರೀತು ಅಂತ ಹೊನ್ನೆ, ಮತ್ತಿ ಮರದ ಕಿಟಕಿಯನ್ನೇ ಕಿತ್ತು ಅಲ್ಯುಮಿನಿಯಂ ಕಿಟಕಿ ಕೂರಿಸುತ್ತಾರೆ. ಮೂಗುದಾರ ಹರೀತು ಅಂತ ಎತ್ತನ್ನೇ ಮಾರಿದ ಹಾಗಾಯಿತು! ಎರಡು ಹಲಗೆಯ ಜಾರುವ ಕಿಟಕಿ ತೆರೆಯುವುದು ಅರ್ಧ ಮಾತ್ರ. ಗಾಳಿಯೂ ಅರ್ಧವೇ.

ಬದಲಿ ಹಿಡಿ ಸಿಗುತ್ತದೆ. 1809ರಲ್ಲಿ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ಆ ಭಾಗದಲ್ಲಿ ಬಂಗಲೆಗಳೆದ್ದವು. ಅಂಥ ಹಳೆ ಮನೆ ಕೆಡವಿದಾಗ ಬಂದ ಹಿತ್ತಾಳೆ ಸಾಮಾನನ್ನು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಬಹುದು.

ಹೋಗುವಾಗ ಹಳೆ ಹಿಡಿಯನ್ನೇ ಜೇಬಿಗೆ ಹಾಕಿಕೊಳ್ಳಿ. ಸ್ಕ್ರೂ ತೂತುಗಳ ನಡುವಿನ ಅಂತರ ಸರಿಹೊಂದಬೇಕು. ತಿರುಗಿಸುವ ಹಿಡಿಯಾದರೆ ಎಡ-ಬಲ ನೋಡಿ. ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ. ಅಂಟಲಿಲ್ಲ ಅಂತ ತಕ್ಷಣ ನಂಬಬೇಡಿ. ಹಿಂಬದಿಯನ್ನು ಅರದಿಂದ ಉಜ್ಜಿಸಿ, ಬೆಳ್ಳಗೆ ಕಂಡರೆ ಹಿತ್ತಾಳೆಯ ಬಣ್ಣ ಮಾತ್ರ. ಹಿತ್ತಾಳೆ ಹಿಡಿಗೆ ಹಿತ್ತಾಳೆ ಸ್ಕ್ರೂನೇ ಹಾಕಿ. ಕಬ್ಬಿಣದ್ದು ಬೇಗ ತುಕ್ಕು ಹಿಡಿಯುತ್ತದೆ.

ತೂತು ಸಡಿಲಾಗಿದ್ದರೆ ಬಿದಿರು ಕಡ್ಡಿಗೆ ಮರದ ಗೋಂದು ಸವರಿ ಬಡಿದು, ಒಣಗಿದ ಮೇಲೆ ಸ್ಕ್ರೂ ಬಿಗಿಯಿರಿ.

ಅಜ್ಜ ಹಾಕಿಸಿದ ಮರ ಇನ್ನೂ ಗಟ್ಟಿಯಿದೆ. ಉಳಿದ ದುಡ್ಡು ಹೊಲದ ಬದುವಿಗಾದೀತು. ಮಳೆ ನಂಬಿದ ನಮಗೆ ಅದೇ ಲಾಭ.