ಪರೀಕ್ಷೆ ಹಾಲ್‌ಗೆ ಹಿಟ್ಟಿನ ಉಂಡೆ ಬಿಡಿ

ಸುದ್ದಿಗೆಂದು ಹೋದ ನಾವು ಒಂದು ಡಿಗ್ರಿ ಕಾಲೇಜಿನ ಬಿ.ಎಸ್ಸಿ. ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತಿದ್ದೆವು. ಮೇಷ್ಟ್ರು ಬೋರ್ಡ್ ಮೇಲೆ ಒಂದು ಇಂಗಾಲ ಬರೆದು ನಾಲ್ಕು ಗೆರೆ ಎಳೆದರು. ‘ದಪ್ಪ ಗೆರೆ ನಿಮ್ಮ ಕಡೆ ಬರುತ್ತೆ, ಚುಕ್ಕಿ ಗೆರೆ ಗೋಡೆಯೊಳಗೆ ಹೋಗುತ್ತೆ’ ಅಂದರು. ಮಕ್ಕಳು ಬರೆದುಕೊಂಡರು. ಗೋಡೆಯೊಳಗೆ ಹೋಗಿದ್ದು ಯಾರಿಗೂ ಕಾಣಲಿಲ್ಲ.

ಈ ಪಾಠದ ಹೆಸರು ಸ್ಟೀರಿಯೋಕೆಮಿಸ್ಟ್ರಿ. ಅಣುವಿನೊಳಗೆ ಪರಮಾಣುಗಳು ಯಾವ ದಿಕ್ಕಿಗೆ ನಿಂತಿವೆ ಅನ್ನೋ ಲೆಕ್ಕ. ಎಡಗಾಲಿನ ಚಪ್ಪಲಿಗೂ ಬಲಗಾಲಿನದಕ್ಕೂ ಒಂದೇ ಅಳತೆ, ಆದರೂ ಅದಲುಬದಲು ಹಾಕೋಕಾಗಲ್ಲ. ಅಣುಗಳಲ್ಲೂ ಇಂಥ ಜೋಡಿಗಳಿವೆ. ಕಾರ್ವೋನ್ ಅನ್ನೋ ಅಣುವಿನ ಒಂದು ರೂಪ ಪುದೀನದ ವಾಸನೆ ಕೊಡುತ್ತೆ, ಅದರದೇ ಕನ್ನಡಿ ರೂಪ ಸಬ್ಬಸಿಗೆ ಬೀಜದಲ್ಲಿದೆ. ನಮ್ಮ ಮೂಗಿಗೇ ಗೊತ್ತಾಗುವ ಈ ವ್ಯತ್ಯಾಸ ನೋಟ್ಸಿನಲ್ಲಿ ‘ಆರ್’, ‘ಎಸ್’ ಅನ್ನೋ ಎರಡು ಅಕ್ಷರವಾಗಿ ಕೂತಿದೆ.

ಇಂಗಾಲದ ನಾಲ್ಕು ಕೈ ಚಪ್ಪಟೆಯಾಗಿಲ್ಲ, ನಾಲ್ಕು ಮೂಲೆಗೆ ಚಾಚಿವೆ ಅಂತ ಹಾಲೆಂಡಿನ ವಾಂಟ್ ಹಾಫ್ 1874ರಲ್ಲಿ ಬರೆದಾಗ ಅವರಿಗೆ 22 ವರ್ಷ. ಬೇರೆ ವಿಜ್ಞಾನಿಗಳಿಗೆ ತಿಳಿಸಲು ರಟ್ಟಿನ ಮಾದರಿ ಮಾಡಿ ಕಳಿಸಿದರು. ವಿಜ್ಞಾನಿಗಳಿಗೇ ರಟ್ಟು ಬೇಕಾಗಿತ್ತು, ನಮ್ಮ ಮಕ್ಕಳಿಗೆ ಚುಕ್ಕಿ ಗೆರೆ ಸಾಕಂತೆ!

ಆ ಕಾಲೇಜಲ್ಲಿ ಮಾದರಿ ಕಿಟ್ ಇದೆ. ಬೀರುವಿನಲ್ಲಿದೆ. ಒಂದು ಗೋಲಿ ಕಳೆದರೂ ಸ್ಟಾಕ್ ರಿಜಿಸ್ಟರ್‌ಗೆ ಯಾರು ಉತ್ತರ ಕೊಡೋದು ಅನ್ನೋ ಭಯ.

ಅವತ್ತು ಸಂಜೆ ಬಿ.ಎಸ್ಸಿ. ಓದುವ ಅಕ್ಕನ ಮಗಳ ಜೊತೆ ಕೂತು ಚಪಾತಿ ಹಿಟ್ಟಿನ ಉಂಡೆ ಮಾಡಿದೆವು. ನಡುವೆ ಒಂದು, ಸುತ್ತ ಪೊರಕೆ ಕಡ್ಡಿ ಚುಚ್ಚಿ ನಾಲ್ಕು: ಒಂದಕ್ಕೆ ಅರಿಸಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಇದ್ದಿಲು, ಒಂದು ಬಿಳಿ. ಕಡ್ಡಿಗಳ ನಡುವಿನ ಕೋನ 109.5 ಡಿಗ್ರಿ ಇರಬೇಕು, ನಮ್ಮದು ಅಂದಾಜು. ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಮಾಡಿದಳು. ಹೇಗೆ ತಿರುಗಿಸಿದರೂ ಎರಡು ಬಣ್ಣ ಕೂಡಿದರೆ ಇನ್ನೆರಡು ಕೂಡಲಿಲ್ಲ. ‘ಇಷ್ಟೇನಾ ಮಾಮ? ಇದರಲ್ಲೇ ನಂದು ಎರಡು ಸಲ ಬ್ಯಾಕ್ ಆಗಿದ್ದು’ ಅಂದಳು.

ಕೆಲವರಿಗೆ ತಲೆ ಓಡಲ್ಲ ಅನ್ನೋ ಮಾತು ಸ್ಟಾಫ್ ರೂಮಿನಲ್ಲಿ ಕೇಳಿದೆವು. ಚುಕ್ಕಿ ರಂಗೋಲಿ ಎಳೆಯುವ, ಚಾಪೆ ಹೆಣೆಯುವ ಮನೆಯಿಂದ ಬಂದವರಿಗೆ ತಲೆ ಓಡಲ್ವಾ? ಮನಸ್ಸಿನಲ್ಲೇ ವಸ್ತು ತಿರುಗಿಸುವ ಶಕ್ತಿ ಅಭ್ಯಾಸದಿಂದ ಬೆಳೆಯುತ್ತೆ.

ಅಮೆರಿಕದ ಹಲವು ಕಾಲೇಜುಗಳಲ್ಲಿ ಮಾದರಿ ಕಿಟ್ಟನ್ನು ಪರೀಕ್ಷೆಗೂ ತರಬಹುದು. ನಮ್ಮ ವಿಶ್ವವಿದ್ಯಾಲಯಗಳೂ ಬಿಡಲಿ. ಕಾಪಿ ಆಗುತ್ತೆ ಅಂತೀರಾ? ನಿಯಮ ಗೊತ್ತಿಲ್ಲದವರಿಗೆ ಉಂಡೆ ಉತ್ತರ ಹೇಳಲ್ಲ, ಜಾಮಿಟ್ರಿ ಬಾಕ್ಸ್ ಹೇಳದ ಹಾಗೆ.

ಅವಳ ಬ್ಯಾಕ್ ಪೇಪರ್ ಮುಂದಿನ ತಿಂಗಳಿದೆ. ಅಲ್ಲಿವರೆಗೆ ಹಿಟ್ಟಿನ ಡಬ್ಬಿ ಮುಟ್ಟಬೇಡಿ ಅಂತ ಅಕ್ಕ ನಮಗೂ ಸೇರಿಸಿ ಬೈದಿದ್ದಾಳೆ.